ಸಣ್ಣ ಕಾರು, ದೊಡ್ಡ ಬ್ರೇಕು

ಹುಬ್ಬಳ್ಳಿ, ಧಾರವಾಡ, ಬೆಳಗಾವಿಯ ಕೇಳುಗರಿಗೆ ಪಿ.ಬಿ. ರೋಡ್ ಅಂದರೆ ಬಿಡಿಸಿ ಹೇಳಬೇಕಿಲ್ಲ. ಪುಣೆ-ಬೆಂಗಳೂರು ರಸ್ತೆ. ನಿಮ್ಮ ಊರಿನೊಳಗೆ ಅದು ಅಂಗಡಿ, ಬಸ್ಸು, ಸಿಗ್ನಲ್ಲುಗಳ ರಸ್ತೆ. ನಾನಿರುವುದು ಅದರ ಪುಣೆಯ ತುದಿಯಲ್ಲಿ. ಸಾತಾರಾ ಬಿಟ್ಟ ಮೇಲೆ ಆ ರಸ್ತೆ ಖಂಬಾಟಕಿ ಬೆಟ್ಟ ದಾಟಿ, ಕಾತ್ರಜ್ ಸುರಂಗ ಹೊಕ್ಕು, ಹೊರಬಿದ್ದದ್ದೇ ಒಂದೇ ಸಮ ಇಳಿಯುತ್ತಾ ನವಲೆ ಸೇತುವೆಯ ಹತ್ತಿರ ಊರು ಸೇರುತ್ತದೆ. ಇವತ್ತಿನ ಮಾತು ಇಂಥ ಇಳಿಜಾರುಗಳ ಬಗ್ಗೆ, ಅಲ್ಲಿ ಕಾರನ್ನು ಚುರುಕಾಗಿ ಓಡಿಸಬೇಕೆಂದು ಆಸೆಪಡುವ ಹುಡುಗರ ಬ್ರೇಕಿನ ಬಗ್ಗೆ.

ಹಾಟ್ ಹ್ಯಾಚ್ ಎಂದು ಕಾರಿನ ಹುಚ್ಚಿರುವವರು ಕರೆಯುವ ಒಂದು ಜಾತಿಯ ಸಣ್ಣ ಕಾರಿದೆ. ಹೊರಗಿನಿಂದ ನೋಡಿದರೆ ಸಂತೆಗೆ ಒಯ್ಯುವ ಮನೆಯ ಕಾರೇ. ಬಾನೆಟ್ಟಿನ ಕೆಳಗೆ ಮಾತ್ರ ಮೈಗೆ ಮೀರಿದ ಎಂಜಿನ್. 1976ರಲ್ಲಿ ಜರ್ಮನಿಯಲ್ಲಿ ಮಾರಾಟಕ್ಕೆ ಬಂದ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ ಈ ಜಾತಿಗೆ ಹೆಸರು ತಂದಿತು: ತೂಕ 810 ಕಿಲೊದ ಆಸುಪಾಸು, ಶಕ್ತಿ 110 ಅಶ್ವಶಕ್ತಿ. ನಮ್ಮ ದೇಶದಲ್ಲಿ ಈ ಜಾತಿಗೆ ತವರು ಅನ್ನಬಹುದಾದದ್ದು ಪುಣೆಯ ಸುತ್ತಮುತ್ತಲೇ. ಊರಿನ ಉತ್ತರಕ್ಕೆ ಚಾಕಣದಲ್ಲಿ 2009ರ ಕೊನೆಗೆ ಪೋಲೊ ತಯಾರಿ ಶುರುವಾಯಿತು. 2013ರಲ್ಲಿ ಅದಕ್ಕೆ ಟರ್ಬೊ ಎಂಜಿನ್ನಿನ ಜಿಟಿ ಟಿಎಸ್ಐ ರೂಪ ಬಂತು, 105 ಅಶ್ವಶಕ್ತಿ. ಅಹಮದ್‌ನಗರದ ದಾರಿಯ ರಾಂಜಣಗಾಂವ್‌ನಿಂದ 2015ರಲ್ಲಿ ಫಿಯಟ್ಟಿನ ಅಬಾರ್ತ್ ಪುಂಟೊ ಹೊರಬಂತು, 145 ಅಶ್ವಶಕ್ತಿ. ಪುಂಟೊ ಹೆಚ್ಚು ಕಾಲ ಬಾಳಲಿಲ್ಲ, ಪೋಲೊ 2022ರಲ್ಲಿ ನಿಂತಿತು. 2024ರಲ್ಲಿ ಟಾಟಾದವರು ಆಲ್ಟ್ರೋಜ್ ರೇಸರ್ ಎಂಬುದನ್ನು 120 ಅಶ್ವಶಕ್ತಿಯೊಂದಿಗೆ ತಂದರು. ಹೊಸದಾಗಿ ಸಿಗದ ಹಳೆಯ ಎರಡು ಕಾರುಗಳು ಈಗ ಎರಡನೆಯ, ಮೂರನೆಯ ಕೈಗೆ ಬಂದಿವೆ. ಹಿಂಜವಡಿಯ ಕಂಪನಿಗಳಲ್ಲಿ ದುಡಿಯುವ ಹುಡುಗರು ಹುಡುಕಿ ಹುಡುಕಿ ಕೊಳ್ಳುತ್ತಾರೆ.

ಪುಣೆಯ ಕನ್ನಡಿಗರಿಗೆ ಕಾರಿನ ಹುಚ್ಚು ಹೊಸದಲ್ಲ ಬಿಡಿ. ಗದಗಿನ ಭೀಮಸೇನ ಜೋಶಿಯವರು ದೂರದೂರದ ಕಛೇರಿಗಳಿಗೆ ತಾವೇ ಕಾರು ಓಡಿಸಿಕೊಂಡು ಹೋಗುತ್ತಿದ್ದದ್ದು ಇಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಆ ಕಾಲದ ಘಟ್ಟದ ರಸ್ತೆ, ಆ ಕಾಲದ ಡ್ರಮ್ ಬ್ರೇಕು, ಇಳಿದ ಮೇಲೆ ರಾತ್ರಿಯಿಡೀ ಹಾಡು. ಎದೆಗಾರಿಕೆ ಅಂದರೆ ಅದು.

ಈಗಿನ ಹುಡುಗರ ಕ್ರಮ ಸ್ವಲ್ಪ ಬೇರೆ. ಕಾರು ಕೊಂಡ ತಿಂಗಳೊಳಗೆ ಎಂಜಿನ್ನಿನ ಕಂಪ್ಯೂಟರಿಗೆ ಹೊಸ ಲೆಕ್ಕ ತುಂಬಿಸುತ್ತಾರೆ. ರೀಮ್ಯಾಪ್ ಅನ್ನುತ್ತಾರೆ, ಸ್ಟೇಜ್ ಒನ್ ಅನ್ನುತ್ತಾರೆ. ಒಂದು ಮಧ್ಯಾಹ್ನದಲ್ಲಿ ಇಪ್ಪತ್ತು-ಮೂವತ್ತು ಅಶ್ವಶಕ್ತಿ ಹೆಚ್ಚಾಗುತ್ತದೆ. ಬ್ರೇಕಿನ ನೆನಪು ಬರುವುದು ಆಮೇಲೆ, ಘಟ್ಟದಲ್ಲಿ ಒಮ್ಮೆ ಎದೆ ಝಲ್ ಅಂದ ಮೇಲೆ. ನನ್ನ ಅಕ್ಕನ ಮಗನ ಕಥೆಯೂ ಹೀಗೇ. ತಾಮ್ಹಿಣಿ ಘಾಟ್ ಇಳಿದು ಬಂದವನು ಫೋನ್ ಮಾಡಿದ.

"ಮಾಮಾ, ದೊಡ್ಡ ಬ್ರೇಕ್ ಹಾಕಸಬೇಕ್ರಿ. ಕೆಂಪು ಕ್ಯಾಲಿಪರ್, ನಾಲ್ಕು ಪಿಸ್ಟನ್ ಇರೋದು."

"ಏನಾತು?"

"ಕೆಳಗ ಬರೋದ್ರಾಗ ಪೆಡಲ್ ಮೆತ್ತಗಾತು. ಒತ್ತಿದ್ರ ಒಳಗೇ ಹೋಗಾಕತ್ತು."

"ಬ್ರೇಕ್ ಆಯಿಲ್ ಯಾವಾಗ ಬದಲಿ ಮಾಡ್ಸಿದ್ದಿ?"

ಆ ಕಡೆ ಮಾತಿಲ್ಲ. ಕಾರು ಕೊಟ್ಟವನನ್ನು ಕೇಳಿ ಹೇಳುತ್ತೇನೆ ಅಂದ. ಅವನಿಗೂ ಗೊತ್ತಿರಲಿಲ್ಲ.

ಕೆಂಪು ಕ್ಯಾಲಿಪರಿಗೂ ಮೆತ್ತಗಾದ ಪೆಡಲ್ಲಿಗೂ ಎಷ್ಟು ಸಂಬಂಧವಿದೆ ಎಂದು ತಿಳಿಯಬೇಕಾದರೆ, ಬ್ರೇಕು ಮಾಡುವ ಕೆಲಸವೇನು ಎಂದು ನೋಡಬೇಕು. ಚಕ್ರದ ಜೊತೆ ತಿರುಗುವ ಡಿಸ್ಕನ್ನು ಕ್ಯಾಲಿಪರು ತನ್ನ ಪ್ಯಾಡುಗಳ ನಡುವೆ ಅಮುಕುತ್ತದೆ; ಹೀಗೆ ಓಟವನ್ನು ಶಾಖವಾಗಿ ಮಾರ್ಪಡಿಸುವ ಯಂತ್ರ ಬ್ರೇಕು. ಅಷ್ಟೇ ಅದರ ಕೆಲಸ. 1200 ಕಿಲೊದ ಕಾರು ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿದ್ದಾಗ ಅದರಲ್ಲಿ ಸುಮಾರು 460 ಕಿಲೋಜೂಲ್ ಶಕ್ತಿಯಿರುತ್ತದೆ. ಒಂದು ಲೀಟರಿಗಿಂತ ಹೆಚ್ಚು ತಣ್ಣೀರನ್ನು ಕುದಿಸಲು ಇಷ್ಟು ಸಾಕು. ಕಾರು ನಿಲ್ಲುವ ಮೂರು-ನಾಲ್ಕು ಸೆಕೆಂಡಿನಲ್ಲಿ ಇದೆಲ್ಲ ಡಿಸ್ಕಿಗೆ ಹೋಗಬೇಕು. 60ರ ವೇಗದಲ್ಲಾದರೆ ಇದು 170ರ ಸುತ್ತ. ವೇಗ ಎರಡು ಪಟ್ಟೂ ಆಗಿಲ್ಲ, ಶಾಖ ಎರಡೂಮುಕ್ಕಾಲು ಪಟ್ಟು ಆಗಿರುತ್ತದೆ. ರೀಮ್ಯಾಪ್ ಮಾಡಿಸಿದವನು ಎರಡು ತಿರುವುಗಳ ನಡುವೆ ಮೊದಲಿಗಿಂತ ಹತ್ತು-ಹದಿನೈದು ಕಿಲೋಮೀಟರ್ ಹೆಚ್ಚು ವೇಗ ಮುಟ್ಟುತ್ತಾನೆ. ಆ ಹೆಚ್ಚುವರಿಯ ಬಿಲ್ಲು ಬರುವುದು ಬ್ರೇಕಿನ ಹೆಸರಿಗೆ.

ಕಾರು ನಿಲ್ಲುವಾಗ ಭಾರ ಮುಂದಕ್ಕೆ ವಾಲುವುದರಿಂದ ಮುಕ್ಕಾಲು ಪಾಲು ಕೆಲಸ ಮುಂದಿನ ಎರಡು ಚಕ್ರಗಳದ್ದು. ಮುಂದಿನ ಡಿಸ್ಕು ಆರು ಕಿಲೊದ ಬೀಡುಕಬ್ಬಿಣ ಎಂದು ಹಿಡಿಯಿರಿ. 100ರಿಂದ ಒಮ್ಮೆ ನಿಲ್ಲಿಸಿದರೆ ಅದು 50-60 ಡಿಗ್ರಿ ಬಿಸಿಯಾಗುತ್ತದೆ. ತಣ್ಣಗಾಗಲು ಬಿಡದೆ ಐದು ಸಲ ನಿಲ್ಲಿಸಿದರೆ 300ರ ಹತ್ತಿರ. ಬಯಲಿನ ಹೆದ್ದಾರಿಯಲ್ಲಿ ಎರಡು ಬ್ರೇಕಿನ ನಡುವೆ ಗಾಳಿಯಾಡಲು ಬಿಡುವಿರುತ್ತದೆ, ಘಟ್ಟದಲ್ಲಿ ಇರುವುದಿಲ್ಲ. ಘಟ್ಟದಲ್ಲಿ ಇನ್ನೂ ಒಂದು ಲೆಕ್ಕ ಸೇರುತ್ತದೆ, ಎತ್ತರ. ಮುಂಬೈ ಕಡೆಗೆ ಖಂಡಾಳಾದಿಂದ ಖೋಪೋಲಿಗೆ ಇಳಿಯುವ ಬೋರ್ ಘಾಟಿನಲ್ಲಿ ಸುಮಾರು 500 ಮೀಟರ್ ಕೆಳಗೆ ಬರುತ್ತೇವೆ. ಅಷ್ಟು ಎತ್ತರದಿಂದ ಕಾರು ಇಳಿಸುವುದೂ 100ರ ವೇಗದಿಂದ ಹನ್ನೆರಡು-ಹದಿಮೂರು ಸಲ ನಿಲ್ಲಿಸುವುದೂ ಒಂದೇ ಪ್ರಮಾಣದ ಶಾಖ. ಇದು ಯಾವ ಆತುರವೂ ಇಲ್ಲದೆ, ಅತ್ತೆ-ಮಾವನನ್ನು ಹಿಂದೆ ಕೂರಿಸಿಕೊಂಡು ನಿಧಾನ ಇಳಿದರೂ ತಪ್ಪದ ಲೆಕ್ಕ. ಇದರಲ್ಲಿ ಎಷ್ಟನ್ನು ಗಾಳಿ ಹೊರಬೇಕು, ಎಷ್ಟನ್ನು ಎಂಜಿನ್ ಹೊರಬೇಕು, ಎಷ್ಟನ್ನು ಬ್ರೇಕು ಹೊರಬೇಕು ಎಂಬುದನ್ನು ತೀರ್ಮಾನಿಸುವವನು ಡ್ರೈವರ್.

ನವಲೆ ಸೇತುವೆಯ ಹೆಸರು ಪುಣೆಯ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುವುದು ಈ ತೀರ್ಮಾನ ಕೆಟ್ಟಾಗ. 2022ರ ನವೆಂಬರ್ 20ರ ರಾತ್ರಿ ಕಾತ್ರಜ್ ಕಡೆಯಿಂದ ಇಳಿದು ಬಂದ ಒಂದು ಲಾರಿ ಅಲ್ಲಿ ಹತ್ತಾರು ವಾಹನಗಳಿಗೆ ಗುದ್ದಿತು. ಡೀಸೆಲ್ ಉಳಿಯಲಿ ಎಂದು ಗೇರು ಬಿಡಿಸಿ, ನ್ಯೂಟ್ರಲ್‌ನಲ್ಲಿ ಲಾರಿ ಇಳಿಸುವ ಚಾಳಿ ಆ ಇಳಿಜಾರಿನಲ್ಲಿ ಹಳೆಯದು. ಗೇರು ಬಿಟ್ಟ ಕೂಡಲೇ ಎಂಜಿನ್ನಿನ ಹಿಡಿತ ಹೋಗುತ್ತದೆ, ಇಡೀ ಬೆಟ್ಟ ಬ್ರೇಕಿನ ಮೇಲೆ ಕೂರುತ್ತದೆ. ಸಣ್ಣ ಕಾರಿಗೂ ಇದೇ ನ್ಯಾಯ. ಹತ್ತುವಾಗ ಹಾಕಿದ ಗೇರಿನಲ್ಲೇ ಇಳಿಯಬೇಕು ಎಂದು ಹಳೆಯ ಡ್ರೈವರುಗಳು ಹೇಳುತ್ತಿದ್ದದ್ದು ಆಟೊಮ್ಯಾಟಿಕ್ ಕಾರಿನವರಿಗೂ ಅನ್ವಯಿಸುತ್ತದೆ: ಗೇರಿನ ಕಡ್ಡಿಯನ್ನು ಮ್ಯಾನ್ಯುಯಲ್‌ಗೆ ಸರಿಸಿ ಎರಡನೆಯದೋ ಮೂರನೆಯದೋ ಹಿಡಿದು ಇಳಿಯಬಹುದು. ಪೈಸೆ ಖರ್ಚಿಲ್ಲದ ಬ್ರೇಕ್ ಅಪ್‌ಗ್ರೇಡ್ ಇದೊಂದೇ.

ಇನ್ನು ಅಕ್ಕನ ಮಗನ ಮೆತ್ತಗಾದ ಪೆಡಲ್ಲು. ಬಿಸಿಗೆ ಬ್ರೇಕು ಸೋಲುವುದು ಎರಡು ಬಗೆಯಲ್ಲಿ. ಪೆಡಲ್ ಕಲ್ಲಿನಂತೆ ಗಟ್ಟಿಯಿದ್ದೂ ಕಾರು ನಿಲ್ಲದಿದ್ದರೆ ಪ್ಯಾಡ್ ಸೋತಿದೆ. ಅದರ ಸಾಮಗ್ರಿ ಬಿಸಿಗೆ ಹಿಡಿತ ಬಿಟ್ಟಿದೆ. ಪೆಡಲ್ ಸ್ಪಂಜಿನಂತೆ ಒಳಗೆ ಇಳಿದರೆ ಬ್ರೇಕ್ ಆಯಿಲ್ ಕುದಿದಿದೆ. ಆಯಿಲ್ ಎಂದು ನಾವು ಕರೆದರೂ ಅದು ಎಣ್ಣೆಯಲ್ಲ, ಗ್ಲೈಕಾಲ್ ಜಾತಿಯ ದ್ರವ. ಗಾಳಿಯ ತೇವವನ್ನು ಹೀರುವುದು ಅದರ ಹುಟ್ಟುಗುಣ. ಡಾಟ್ 4 ಎಂದು ಬರೆದ ಡಬ್ಬಿಯ ಹೊಸ ದ್ರವ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು ಎಂದು ನಿಯಮವಿದೆ. ಅದೇ ದ್ರವ ನೂರಕ್ಕೆ ಮೂರೂಮುಕ್ಕಾಲು ಪಾಲಿನಷ್ಟು ನೀರು ಕುಡಿದ ಮೇಲೆ 155ಕ್ಕೆ ಕುದಿದರೂ ನಿಯಮದ ಪ್ರಕಾರ ತಪ್ಪಿಲ್ಲ. ಡಾಟ್ 3 ಆದರೆ ಈ ಎರಡು ಅಂಕಿ 205, 140. ಡಾಟ್ 5.1 ಆದರೆ 260, 180. ಕುದಿದಾಗ ಆವಿಯ ಗುಳ್ಳೆ ಹುಟ್ಟುತ್ತದೆ. ದ್ರವವನ್ನು ಒತ್ತಿ ಕುಗ್ಗಿಸಲಾಗುವುದಿಲ್ಲ, ಗುಳ್ಳೆಯನ್ನು ಕುಗ್ಗಿಸಬಹುದು. ಕಾಲಿನ ಬಲವೆಲ್ಲ ಗುಳ್ಳೆ ಕುಗ್ಗಿಸುವುದರಲ್ಲೇ ಮುಗಿಯುತ್ತದೆ. ಘಟ್ಟದ ಬುಡದಲ್ಲಿ ಅರ್ಧ ಗಂಟೆ ನಿಂತು ಚಹಾ ಕುಡಿದರೆ ಗುಳ್ಳೆ ಇಂಗಿ ಪೆಡಲ್ ಮತ್ತೆ ಗಟ್ಟಿಯಾಗುತ್ತದೆ. ಗ್ಯಾರೇಜಿಗೆ ಒಯ್ದಾಗ ಮೆಕ್ಯಾನಿಕ್ ಒತ್ತಿ ನೋಡಿ, ಎಲ್ಲ ಸರಿ ಇದೆಯಲ್ಲ ಅನ್ನುತ್ತಾನೆ. ಈ ರೋಗದ ಮೋಸ ಇರುವುದೇ ಅಲ್ಲಿ.

ಪುಣೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲಿ ತೇವ. ಚುರುಕಾಗಿ ಓಡಿಸಬೇಕು ಅನ್ನಿಸುವುದೂ ಘಟ್ಟ ಹಸಿರಾದ ಆ ತಿಂಗಳುಗಳಲ್ಲೇ. ಎರಡು ವರ್ಷಕ್ಕೊಮ್ಮೆ ದ್ರವ ಬದಲಿಸಿ ಎಂದು ಬಹುತೇಕ ಕಂಪನಿಗಳ ಪುಸ್ತಕ ಹೇಳುತ್ತದೆ. ಘಟ್ಟದ ಹುಚ್ಚಿರುವವರು ವರ್ಷಕ್ಕೊಮ್ಮೆ ಮಳೆಗಾಲ ಮುಗಿದ ಮೇಲೆ ಬದಲಿಸಲಿ ಎಂಬುದು ನನ್ನ ಅಭಿಪ್ರಾಯ. ಒಂದೆರಡು ಸಾವಿರದಲ್ಲಿ ಮುಗಿಯುವ ಕೆಲಸ. ಮೇಲಿನ ಡಬ್ಬಿಗೆ ಸ್ವಲ್ಪ ಹೊಸದು ಸುರಿದರೆ ಬದಲಿಸಿದ ಹಾಗಲ್ಲ. ನಾಲ್ಕೂ ಚಕ್ರಗಳಿಂದ ಹಳೆಯದನ್ನು ಹೊರಗೆ ಬಿಟ್ಟು ಏರ್ ತೆಗೆಯಬೇಕು. ಬಾಯಿ ಒಡೆದ ಡಬ್ಬಿಯನ್ನು ಮುಂದಿನ ವರ್ಷಕ್ಕೆಂದು ಕಪಾಟಿನಲ್ಲಿ ಇಡಬಾರದು, ಅದು ಅಲ್ಲೇ ಕೂತು ನೀರು ಕುಡಿಯುತ್ತಿರುತ್ತದೆ. ಡಾಟ್ 5 ಎಂಬ ಇನ್ನೊಂದಿದೆ, ಅದು ಸಿಲಿಕೋನಿನದು, 5.1ರ ಅಣ್ಣನೂ ಅಲ್ಲ ತಮ್ಮನೂ ಅಲ್ಲ. ಗ್ಲೈಕಾಲಿನ ಜೊತೆ ಬೆರೆಸಬಾರದು.

ದ್ರವದ ನಂತರ ಪ್ಯಾಡು. ನಾನಾ ಪೇಟೆಯ ಬಿಡಿಭಾಗಗಳ ಅಂಗಡಿ ಸಾಲಿನಲ್ಲಿ ಪ್ಯಾಡ್ ಕೇಳಿದರೆ ಮೂರು ಬೆಲೆಯದನ್ನು ಮುಂದಿಡುತ್ತಾರೆ. ಡಬ್ಬಿಯ ಮೇಲಿನ ಬೆಂಕಿಯ ಚಿತ್ರ ನೋಡದೆ ಪ್ಯಾಡಿನ ಅಂಚನ್ನು ನೋಡಿ. ಅಲ್ಲಿ ಅಂಕಿಗಳ ಕೊನೆಗೆ ಎರಡು ಇಂಗ್ಲಿಷ್ ಅಕ್ಷರ ಅಚ್ಚಾಗಿರುವುದು ವಾಡಿಕೆ: ಇಎಫ್, ಎಫ್ಎಫ್, ಜಿಜಿ, ಹೀಗೆ. ಮೊದಲ ಅಕ್ಷರ ಸಾಧಾರಣ ಬಿಸಿಯಲ್ಲಿ ಅದರ ಹಿಡಿತ, ಎರಡನೆಯದು ಬಹಳ ಬಿಸಿಯಾದಾಗಿನ ಹಿಡಿತ. ಇ ಅಂದರೆ ಘರ್ಷಣೆಯ ಗುಣಾಂಕ 0.25ರಿಂದ 0.35, ಎಫ್ ಅಂದರೆ 0.35ರಿಂದ 0.45, ಜಿ ಅಂದರೆ 0.45ರಿಂದ 0.55. ಎರಡನೆಯ ಅಕ್ಷರ ಮೊದಲನೆಯದಕ್ಕಿಂತ ಕೆಳಗಿಳಿದಿದ್ದರೆ ಆ ಪ್ಯಾಡ್ ಘಟ್ಟದಲ್ಲಿ ಕೈಕೊಡುವ ಜಾತಿಯದು ಎಂದು ಊಹಿಸಬಹುದು. ಅಕ್ಷರಗಳು ಹೇಳುವುದು ಹಿಡಿತವನ್ನು ಮಾತ್ರ. ಎಷ್ಟು ಬಾಳುತ್ತದೆ, ಎಷ್ಟು ಕಿರುಗುಡುತ್ತದೆ, ಚಕ್ರಕ್ಕೆ ಎಷ್ಟು ಕಪ್ಪು ಪುಡಿ ಮೆತ್ತುತ್ತದೆ ಎಂಬುದನ್ನು ಹೇಳುವುದಿಲ್ಲ.

ಇಂಗ್ಲೆಂಡಿನ ಇಬಿಸಿಯವರು ಪ್ಯಾಡುಗಳನ್ನು ಹಸಿರು, ಕೆಂಪು, ಹಳದಿ ಎಂದು ಬಣ್ಣದ ಮೇಲೆ ಮಾರುತ್ತಾರೆ. ಇಲ್ಲಿನ ಹುಡುಗರ ಬಾಯಲ್ಲಿ ಹೆಚ್ಚು ಕೇಳುವುದು ಹಳದಿ. ಫೆರೊಡೊದವರ ಡಿಎಸ್ 2500 ಅದಕ್ಕಿಂತ ಇನ್ನೂ ಟ್ರ್ಯಾಕಿನ ಕಡೆ ವಾಲಿದ್ದು. ಇಲ್ಲಿ ಅತಿಯಾಸೆ ಒಂದು ಅಪಾಯ. ಪೂರ್ತಿ ರೇಸಿನ ಪ್ಯಾಡ್ ಕೆಲಸ ಮಾಡುವುದು ಕಾದ ಮೇಲೆ. ಜನವರಿಯ ಬೆಳಗ್ಗೆ ಕೋಥ್ರೂಡಿನ ಮನೆಯಿಂದ ಹೊರಟು ಮೊದಲ ಸಿಗ್ನಲ್ಲಿನಲ್ಲಿ ಒತ್ತಿದರೆ ಅದಕ್ಕೆ ಇನ್ನೂ ನಿದ್ದೆ ಬಿಟ್ಟಿರುವುದಿಲ್ಲ. ವಾರದ ಐದು ದಿನ ಹಿಂಜವಡಿಯ ಜಾಮು, ತಿಂಗಳಿಗೊಮ್ಮೆ ಲವಾಸಾ ರಸ್ತೆ ಎಂಬ ಬಾಳಿಗೆ ರಸ್ತೆಯ ಒಳ್ಳೆಯ ಪ್ಯಾಡೇ ಸರಿ.

ಒಂದು ಕಹಿ ಮಾತು ಈಗಲೇ ಹೇಳಿಬಿಡುತ್ತೇನೆ. ಮೇಲೆ ಹೇಳಿದ ಯಾವುದೂ, ಲಕ್ಷ ರೂಪಾಯಿಯ ಕೆಂಪು ಕ್ಯಾಲಿಪರೂ ಸೇರಿ, ತಣ್ಣಗಿರುವ ಒಳ್ಳೆಯ ಬ್ರೇಕಿನ ಕಾರು ಒಮ್ಮೆ ನಿಲ್ಲುವ ದೂರವನ್ನು ಹೇಳಿಕೊಳ್ಳುವಷ್ಟು ಕಡಿಮೆ ಮಾಡುವುದಿಲ್ಲ. ಕಂಪನಿಯ ಬ್ರೇಕನ್ನೇ ಪೂರ್ತಿ ಒತ್ತಿದಾಗ ಪೆಡಲ್ ಕಾಲಿನಡಿ ಗಡಗಡ ಅಂದರೆ ಎಬಿಎಸ್ ಎದ್ದಿದೆ ಎಂದು ಅರ್ಥ. ಅಂದರೆ ಟೈರು ರಸ್ತೆಯನ್ನು ಹಿಡಿಯಬಲ್ಲಷ್ಟಕ್ಕಿಂತ ಹೆಚ್ಚು ಬಲವನ್ನು ಬ್ರೇಕು ಆಗಲೇ ಕೊಟ್ಟಾಗಿದೆ. ಕಾರನ್ನು ನಿಲ್ಲಿಸುವುದು ಕೊನೆಗೆ ಅಂಗೈಯಗಲದ ನಾಲ್ಕು ರಬ್ಬರ್ ತುಂಡುಗಳು. ಒಣ ರಸ್ತೆಯಲ್ಲಿ ಒಳ್ಳೆಯ ಟೈರಿದ್ದರೆ 100ರ ವೇಗದಿಂದ 40 ಮೀಟರಿನ ಸುತ್ತಮುತ್ತ ನಿಲ್ಲಬಹುದು. ಟೈರು ಆರು ವರ್ಷದ್ದಾಗಿ ಗಟ್ಟಿಯಾಗಿದ್ದರೆ ಯಾವ ಇಟಲಿಯ ಕ್ಯಾಲಿಪರೂ ಅದನ್ನು ಉಳಿಸಲಾರದು. ದೊಡ್ಡ ಬ್ರೇಕಿನಿಂದ ಸಿಗುವುದು ಹತ್ತನೆಯ ತಿರುವಿನಲ್ಲೂ ಮೊದಲನೆಯದರ ಹಾಗೇ ನಿಲ್ಲುವ ತಾಳಿಕೆ. ಅದು ಬೇಕೇ ಎಂಬುದು ನೀವು ಹತ್ತನೆಯ ತಿರುವಿನವರೆಗೆ ಹಾಗೆ ಓಡಿಸುತ್ತೀರಾ ಎಂಬುದರ ಮೇಲೆ ಹೋಗುತ್ತದೆ.

ಸಣ್ಣಪುಟ್ಟವನ್ನು ಬೇಗ ಮುಗಿಸುತ್ತೇನೆ. ಸ್ಟೀಲ್ ಹೆಣಿಗೆಯ ಹೋಸ್ ಪೈಪು: ಹಳೆಯ ರಬ್ಬರಿನದು ಒತ್ತಡಕ್ಕೆ ಉಬ್ಬುತ್ತದೆ, ಇದು ಉಬ್ಬುವುದಿಲ್ಲ, ಪೆಡಲ್ ಖಚಿತವಾಗುತ್ತದೆ; ನಿಲ್ಲುವ ದೂರಕ್ಕೆ ಲಾಭವಿಲ್ಲ. ತೂತು ಕೊರೆದ ಡಿಸ್ಕು: ನೋಡಲು ಚೆಂದ, ಕಾದು ಆರಿ ಕಾದು ಆರಿ ತೂತಿನ ಅಂಚಿನಿಂದ ಬಿರುಕು ಬಿಡುವುದುಂಟು, ನನ್ನ ದುಡ್ಡಾದರೆ ಸಾದಾ ಡಿಸ್ಕಿಗೇ ಹಾಕುತ್ತೇನೆ. ಹಿಂದೆ ಡ್ರಮ್ ಬ್ರೇಕಿದೆ ಎಂದು ನಾಚುವವರಿಗೆ: ಮುಕ್ಕಾಲು ಕೆಲಸ ಮುಂದಿನವುಗಳದ್ದೇ ಎಂದು ಆಗಲೇ ಹೇಳಿದೆನಲ್ಲ, 1976ರ ಆ ಮೂಲ ಜಿಟಿಐಗೂ ಹಿಂದೆ ಇದ್ದದ್ದು ಡ್ರಮ್ಮೇ.

ದೊಡ್ಡ ಕಿಟ್ ಹಾಕಿಸಲೇಬೇಕು ಎನ್ನುವವರು ಪಿಸ್ಟನ್‌ಗಳ ಲೆಕ್ಕ ಕೇಳಲಿ. ಹೊಸ ಕ್ಯಾಲಿಪರಿನ ಪಿಸ್ಟನ್‌ಗಳು ಹಳೆಯದಕ್ಕಿಂತ ಬಹಳ ದೊಡ್ಡದಾಗಿ, ಪೆಡಲ್ಲಿನ ಒತ್ತನ್ನು ದ್ರವಕ್ಕೆ ದಾಟಿಸುವ ಮಾಸ್ಟರ್ ಸಿಲಿಂಡರ್ ಹಳೆಯದೇ ಉಳಿದರೆ, ಪೆಡಲ್ ಉದ್ದಕ್ಕೆ ಇಳಿಯುತ್ತದೆ. ಮುಂದಿನ ಹಿಡಿತ ಮಾತ್ರ ಏರಿಸಿದರೆ ಹಿಂದಿನ ಚಕ್ರಗಳು ಕೆಲಸಗಳ್ಳರಾಗುತ್ತವೆ, ಕಂಪನಿ ಕೂರಿಸಿದ್ದ ಸಮತೋಲ ತಪ್ಪುತ್ತದೆ. 15 ಇಂಚಿನ ಚಕ್ರದೊಳಗೆ ದೊಡ್ಡ ಡಿಸ್ಕು ಹಿಡಿಸದೆ 16, 17ಕ್ಕೆ ಹೋಗಬೇಕು. ಡಿಸ್ಕು, ಚಕ್ರ ಎಲ್ಲ ಭಾರವಾಗಿ ಕಾರಿನ ಚುರುಕೇ ತಗ್ಗಬಹುದು. ಅದೇ ಕಂಪನಿಯ ದೊಡ್ಡ ಕಾರಿನ ಬ್ರೇಕನ್ನು ಸಣ್ಣ ಕಾರಿಗೆ ಕೂರಿಸುವ ದಾರಿ, ಭಾಗಗಳು ಹೊಂದುವಂತಿದ್ದರೆ, ಹೊರಗಿನ ಕಿಟ್ಟಿಗಿಂತ ಎಷ್ಟೋ ಮೇಲು.

ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ವಾಹನದ ಮೂಲ ವಿವರಗಳನ್ನು ಬದಲಿಸುವುದನ್ನು ತಡೆಯುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಬಿಗಿಯಾಗಿಯೇ ಎತ್ತಿಹಿಡಿಯಿತು. ದ್ರವ, ಪ್ಯಾಡು, ಟೈರು ಹೇಗೂ ಸವೆದು ಬದಲಾಗುವ ಸಾಮಾನು. ಕ್ಯಾಲಿಪರು, ಡಿಸ್ಕಿನ ಅಳತೆ ಬದಲಿಸುವ ಮುನ್ನ ಮಾತ್ರ ಆರ್‌ಟಿಒ ಮತ್ತು ವಿಮಾ ಕಂಪನಿಯಿಂದ ಬರಹದಲ್ಲಿ ಉತ್ತರ ತೆಗೆದುಕೊಳ್ಳಿ.

ಕಂಪನಿಯ ಬ್ರೇಕನ್ನು ಹಗುರವಾಗಿ ಎಣಿಸುವವರಿಗೆ ಇನ್ನೊಂದು ಮಾತು. ಪುಣೆಯ ವೇತಾಳ ಟೇಕಡಿಯ ಮೇಲೆ 1966ರಲ್ಲಿ ಶುರುವಾದ ಎಆರ್‌ಎಐ ಇದೆ; ವಾಹನಗಳನ್ನು ಪರೀಕ್ಷಿಸಿ ಮಂಜೂರು ಮಾಡುವ ಸಂಸ್ಥೆ. ಕಾರಿನ ಬ್ರೇಕಿಗೆ ಅಂತರರಾಷ್ಟ್ರೀಯ ನಿಯಮದಲ್ಲಿ ಬಿಸಿಯ ಪರೀಕ್ಷೆಯೊಂದಿದೆ: ವೇಗದ ಕಾರಾದರೆ 120ರಿಂದ 60ಕ್ಕೆ ಇಳಿಸಬೇಕು, 45 ಸೆಕೆಂಡಿಗೊಮ್ಮೆ, ಹದಿನೈದು ಸಲ. ಅದಾದ ಕೂಡಲೇ, ಕಾದ ಬ್ರೇಕಿನಲ್ಲೇ, ನಿಯಮ ಬಯಸುವ ಹಿಡಿತದ ಮುಕ್ಕಾಲು ಪಾಲಾದರೂ ಉಳಿದಿರಬೇಕು. ತಾಮ್ಹಿಣಿ ಘಾಟಿನಲ್ಲಿ ಕೋತಿ, ಜಲಪಾತದ ಮುಂದೆ ಸೆಲ್ಫಿಗೆ ನಿಂತವರು, ತಿರುವಿನಲ್ಲಿ ಎದುರಾಗುವ ಎಸ್‌ಟಿ ಬಸ್ಸು ಇವುಗಳ ನಡುವೆ ಇದಕ್ಕಿಂತ ಕಠಿಣವಾಗಿ ಬ್ರೇಕು ಹಾಕುತ್ತಿದ್ದೇನೆ ಅನ್ನುವವರು ಬ್ರೇಕಿನ ಅಂಗಡಿ ಹುಡುಕುವ ಬದಲು ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ಟ್ರ್ಯಾಕಿಗೋ ಕೊಯಮತ್ತೂರಿನ ಕರಿ ಟ್ರ್ಯಾಕಿಗೋ ಹೋಗಲಿ. ಅಲ್ಲಿ ದೊಡ್ಡ ಬ್ರೇಕಿಗೆ ನಿಜವಾದ ಕೆಲಸವಿದೆ.

ಅಕ್ಕನ ಮಗ ಕೊನೆಗೆ ಹೊಸ ದ್ರವ, ಒಳ್ಳೆಯ ರಸ್ತೆ ಪ್ಯಾಡು, ಮುಂದಿನ ಎರಡು ಟೈರು ಹಾಕಿಸಿದ. ಉಳಿದ ದುಡ್ಡು ಏನು ಮಾಡಿದ ಎಂದು ಕೇಳಿಲ್ಲ. ಕ್ಯಾಲಿಪರಿಗೆ ಕೆಂಪು ಬಣ್ಣವನ್ನಂತೂ ಬಳಿಸಿದ್ದಾನೆ, ಆ ಬಣ್ಣಕ್ಕೆ ನನ್ನ ತಕರಾರಿಲ್ಲ. ಅವನಿಗೆ ಹೇಳಿದ ಕೊನೆಯ ಕೆಲಸವನ್ನೇ ನಿಮಗೂ ಹೇಳುತ್ತೇನೆ. ಹೊಸ ಪ್ಯಾಡ್ ಕೂರಿಸುವಾಗ ಪಿಸ್ಟನ್ನನ್ನು ಹಿಂದಕ್ಕೆ ದೂಡಿರುತ್ತಾರೆ. ಹಾಗಾಗಿ ಮೊದಲ ಸಲ ಒತ್ತಿದರೆ ಪೆಡಲ್ ನೆಲದವರೆಗೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಗ್ಯಾರೇಜಿನೊಳಗೇ ನಿಂತು, ಪೆಡಲ್ ಗಟ್ಟಿಯಾಗುವವರೆಗೆ ನಾಲ್ಕಾರು ಸಲ ಒತ್ತಿ, ಆಮೇಲೆ ಗೇರು ಹಾಕಿ. ಬೆಳಗಿನ ಜಾವ ಖಾಲಿಯಿರುವ ನೇರ ರಸ್ತೆಯೊಂದನ್ನು ನೋಡಿಕೊಂಡು, ಹಿಂದೆ ಯಾರೂ ಇಲ್ಲದಾಗ, 60ರಿಂದ 10ಕ್ಕೆ ಹದವಾಗಿ ಎಂಟು-ಹತ್ತು ಸಲ ಇಳಿಸಿ. ನಡುವೆ ಪೂರ್ತಿ ನಿಲ್ಲಿಸಬೇಡಿ. ಕಾದ ಪ್ಯಾಡನ್ನು ಡಿಸ್ಕಿನ ಮೇಲೆ ಒತ್ತಿ ಹಿಡಿದರೆ ಅದರ ಪದರ ಅಲ್ಲೇ ಅಂಟಿ, ಮುಂದೆ ಪೆಡಲ್ ನಡುಗುತ್ತದೆ, ಡಿಸ್ಕು ಬೆಂಡಾಯಿತು ಎಂದು ಗ್ಯಾರೇಜಿನವರು ಹೊಸದು ಹಾಕಿಸುತ್ತಾರೆ. ಸ್ವಲ್ಪ ವಾಸನೆ ಬರುತ್ತದೆ, ಹೆದರಬೇಡಿ. ಆಮೇಲೆ ಬ್ರೇಕು ಮುಟ್ಟದೆ ಹತ್ತು ನಿಮಿಷ ಓಡಿಸಿ ಆರಲು ಬಿಡಿ, ಮನೆಗೆ ಬಂದು ನಿಲ್ಲಿಸುವಾಗ ಹ್ಯಾಂಡ್‌ಬ್ರೇಕ್ ಎಳೆಯದೆ ಗೇರಿನಲ್ಲಿ ಬಿಡಿ, ಮರುದಿನ ಚಕ್ರದ ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿ ನೋಡಿಸಿ.